ಇಷ್ಟು ದೂರ ಬಂದ ಮೇಲೆ

‘ಇಷ್ಟು ದೂರ ಬಂದ ಮೇಲೆ ಇನ್ನು ಹಿಂದಕ್ಕೆ ಹೋಗುವುದುಂಟೆ?’ ಈ ಮಾತು ಕೇಳದ ಮನೆ ನಮ್ಮಲ್ಲಿ ಇರಲಾರದು. ಅಂಗಡಿಯವನ ಕೈಯಲ್ಲಿ ಇಪ್ಪತ್ತು ಸೀರೆ ಬಿಚ್ಚಿಸಿದ ಮೇಲೆ ಬರಿಗೈಯಲ್ಲಿ ಎದ್ದು ಬರಲು ನಮಗೆ ಸಂಕೋಚ. ಎರಡು ಗಂಟೆ ಕ್ಯೂನಲ್ಲಿ ನಿಂತ ಮೇಲೆ, ಎಂಟು ತಿಂಗಳು ಚೀಟಿ ಕಟ್ಟಿದ ಮೇಲೆ, ಲಗ್ನಪತ್ರಿಕೆ ಹಂಚಿದ ಮೇಲೆ ಹಿಂದೆ ಸರಿಯುವುದು ಅವಮಾನ ಎಂದೇ ನಾವೆಲ್ಲ ತಿಳಿದು ಬೆಳೆದವರು. ಹಿಡಿದ ಕೆಲಸ ನಡುವೆ ಬಿಡಬಾರದು ಎಂದು ಇಪ್ಪತ್ತೆಂಟು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದವಳು ನಾನು. ಆ ಮಾತನ್ನು ಈಗಲೂ ಬಿಟ್ಟುಕೊಡುವವಳಲ್ಲ. ಆದರೆ ಅದು ಎಲ್ಲಿಯವರೆಗೆ ಸಲ್ಲುತ್ತದೆ ಎಂಬ ಪ್ರಶ್ನೆ ಇದೆಯಲ್ಲ, ಅದು ನನಗೆ ಎದುರಾದದ್ದು ವಿಮಾನದಿಂದ. ಅದೂ ನೂರಾರು ಜನ ಕೂರುವ ದೊಡ್ಡ ವಿಮಾನದಿಂದಲ್ಲ, ನಾಲ್ಕು ಜನ ಮೊಣಕಾಲು ತಗುಲಿಸಿಕೊಂಡು ಕೂರುವ ಪುಟ್ಟ ವಿಮಾನದಿಂದ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ವಿಮಾನ ನಡೆಸುವುದನ್ನು ಕಲಿತಳು. ಅಡಿಕೆ ವ್ಯಾಪಾರದವರ ಮನೆಯ ಹುಡುಗಿ. ಮೊದಲ ಸಲ ಶಿಕ್ಷಕರಿಲ್ಲದೆ ಒಬ್ಬಳೇ ಹಾರಿದ ದಿನ ಅವಳ ಅಪ್ಪ ನೋಡಲು ಹೋಗಿದ್ದರು. ಅವಳು ಎರಡು ಸಲ ಇಳಿಯಲು ಬಂದು, ನೆಲ ಮುಟ್ಟದೆ ಮತ್ತೆ ಮೇಲೇರಿ ಹೋದಳು. ಮೂರನೆಯ ಸಲ ಇಳಿದಳು. ಊರಿಗೆ ಬಂದು ಆ ಮಹನೀಯರು ಎಲ್ಲರಿಗೂ ಹೇಳಿದ್ದು ಹೀಗೆ: ‘ಎರಡು ಸಲ ಫೇಲಾದಳು, ಮೂರನೇ ಸಲಕ್ಕೆ ಪಾಸಾದಳು.’ ಹುಡುಗಿ ನಮ್ಮ ಮನೆಗೆ ಬಂದಾಗ ಇದನ್ನು ಹೇಳಿಕೊಂಡು ನಕ್ಕಳು. ‘ಅಪ್ಪನಿಗೆ ಹೇಗೆ ಹೇಳಲಿ ಮೇಡಂ, ಆ ಎರಡು ಸಲವೇ ನಾನು ಚೆನ್ನಾಗಿ ಮಾಡಿದ್ದು’ ಎಂದಳು. ಫೇಲು, ಪಾಸು ನನ್ನ ಕಸುಬಿನ ಮಾತುಗಳು. ಅದಕ್ಕೇ ಇರಬೇಕು, ಅದು ನನ್ನ ಕಿವಿಯಲ್ಲಿ ಉಳಿಯಿತು.

ಅವಳು ವಿವರಿಸಿದಷ್ಟನ್ನು ನಾನು ಹೇಳುತ್ತೇನೆ. ಹಾರಾಟದ ಒಟ್ಟು ಹೊತ್ತಿನಲ್ಲಿ ಇಳಿಯುವ ಭಾಗ ತೀರ ಸಣ್ಣದು. ಆದರೆ ಸಣ್ಣ ವಿಮಾನಗಳಿಗೆ ಪೆಟ್ಟಾಗುವುದು ಹೆಚ್ಚಾಗಿ ಅಲ್ಲಿಯೇ. ಅವುಗಳಲ್ಲಿ ಬಹುಪಾಲು ಪ್ರಾಣಾಪಾಯವಿಲ್ಲದವು. ಚಕ್ರ ಮುರಿಯುತ್ತದೆ, ಪ್ರೊಪೆಲರ್ ನೆಲಕ್ಕೆ ಬಡಿಯುತ್ತದೆ, ವಿಮಾನ ರನ್‌ವೇಯಿಂದ ಪಕ್ಕದ ಹುಲ್ಲಿಗೆ ಜಾರುತ್ತದೆ. ಪ್ರಾಣ ತೆಗೆಯುವ ಸಂಗತಿಗಳು ನೆಲ ಮುಟ್ಟುವುದಕ್ಕಿಂತ ಸ್ವಲ್ಪ ಮುಂಚೆ ನಡೆಯುತ್ತವೆ. ಸೆಸ್ನಾ 172 ಎಂಬ ವಿಮಾನ ಇಳಿಯಲು ಬರುವಾಗ ವೇಗ ಗಂಟೆಗೆ ಸುಮಾರು 120 ಕಿಲೋಮೀಟರ್. ಹಾರುವ ವಿಮಾನಕ್ಕೆ ಇದು ನಿಧಾನದ ನಡಿಗೆ. ಇನ್ನೂ ನಿಧಾನವಾಗಿ, ಮೂಗು ಇನ್ನೂ ಮೇಲಾದರೆ ರೆಕ್ಕೆಗೆ ಗಾಳಿಯ ಆಸರೆ ತಪ್ಪುತ್ತದೆ. ಇಳಿಯುವ ಮುನ್ನ ರನ್‌ವೇ ಕಡೆಗೆ ಒಂದು ಕೊನೆಯ ತಿರುವು ತೆಗೆದುಕೊಳ್ಳಬೇಕಂತೆ. ಗಾಳಿ ತಳ್ಳಿದ್ದರಿಂದಲೋ, ತಡವಾಗಿ ತಿರುಗಿದ್ದರಿಂದಲೋ ರನ್‌ವೇಯ ನೇರ ದಾಟಿ ಆಚೆ ಹೋಯಿತೆನ್ನಿ. ಆಗ ಪೈಲಟ್‌ನ ಮನಸ್ಸು, ‘ಇನ್ನೊಂಚೂರು ತಿರುಗಿಸಿದರೆ ಸರಿಹೋಗುತ್ತದೆ’ ಎನ್ನುತ್ತದೆ. ಕಾಲು ತಾನಾಗಿ ರಡ್ಡರ್ ಪೆಡಲನ್ನು ಒತ್ತುತ್ತದೆ, ಕೈ ಮೂಗನ್ನು ಎತ್ತುತ್ತದೆ. ಒಳಗಡೆಯ ರೆಕ್ಕೆ ಗಾಳಿ ಬಿಟ್ಟು ವಿಮಾನ ಮಗುಚಿ ಸುತ್ತತೊಡಗುತ್ತದೆ. ಸಾವಿರಾರು ಅಡಿ ಎತ್ತರದಲ್ಲಾದರೆ ಸುಧಾರಿಸಿಕೊಳ್ಳಬಹುದು. ಐನೂರು ಅಡಿಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಗಮನಿಸಿ, ಇಲ್ಲಿ ಕೊಂದದ್ದು ಉಡಾಫೆಯಲ್ಲ, ಸರಿಪಡಿಸಿಕೊಳ್ಳುವ ಆಸೆ. ಕೆಟ್ಟ ತಿರುವನ್ನು ಕೆಟ್ಟದ್ದೆಂದು ಒಪ್ಪಿ, ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು, ಮೇಲೇರಿ, ಒಂದು ಸುತ್ತು ಹಾಕಿ ಮತ್ತೆ ಬಂದಿದ್ದರೆ ಆಗುತ್ತಿದ್ದ ನಷ್ಟ ಐದಾರು ನಿಮಿಷ, ಸ್ವಲ್ಪ ಪೆಟ್ರೋಲು. ಇದಕ್ಕೆ ಅವರ ಭಾಷೆಯಲ್ಲಿ ‘ಗೋ ಅರೌಂಡ್’ ಎನ್ನುತ್ತಾರೆ. ಇಳಿಯುವುದನ್ನು ಕಲಿಯುವಾಗಲೇ ಇಳಿಯದೆ ಹೋಗುವುದನ್ನೂ ಕಲಿಸುತ್ತಾರೆ. ಆದರೂ ಮಾಡುವವರು ಕಡಿಮೆ. ದೊಡ್ಡ ವಿಮಾನ ಕಂಪನಿಗಳ ಹಾರಾಟಗಳನ್ನು ಪರಿಶೀಲಿಸಿದ ಫ್ಲೈಟ್ ಸೇಫ್ಟಿ ಫೌಂಡೇಶನ್ ಎಂಬ ಸಂಸ್ಥೆ ಕಂಡುಕೊಂಡ ಲೆಕ್ಕ ಓದಿ ನನಗೆ ಆಶ್ಚರ್ಯವಾಯಿತು: ಇಳಿಯುವ ಕ್ರಮ ಹದ ತಪ್ಪಿದಾಗ ಮೇಲೇರಿ ಹೋಗುವವರು ನೂರಕ್ಕೆ ಸುಮಾರು ಮೂರು ಮಂದಿ. ವರ್ಷಗಟ್ಟಲೆ ತರಬೇತಿ ಪಡೆದು, ಪಕ್ಕದಲ್ಲಿ ಇನ್ನೊಬ್ಬ ಪೈಲಟ್‌ನನ್ನು ಕೂರಿಸಿಕೊಂಡವರ ಕಥೆಯೇ ಇದು. ಭಾನುವಾರ ಸಂತೋಷಕ್ಕೆ ಹಾರುವ ಒಂಟಿ ಪೈಲಟ್‌ನ ಪಾಡು ಊಹಿಸಿಕೊಳ್ಳಿ.

ಮರಳಿ ಏರುವುದೂ ಹೂವಿನ ಹಾಸಿಗೆಯೇನಲ್ಲ ಎಂದು ಹುಡುಗಿ ಸೇರಿಸಿದಳು. ತಡಮಾಡಿ, ರನ್‌ವೇ ಎಲ್ಲ ಮುಗಿದ ಮೇಲೆ ಗಾಬರಿಯಲ್ಲಿ ಏರಹೊರಟವರೂ ಬಿದ್ದಿದ್ದಾರೆ.

ಅವಳು ಓದಲೆಂದು ಕೊಟ್ಟುಹೋದ ಕಾಗದಗಳಲ್ಲಿ ಒಂದು ಅಪಘಾತದ ತನಿಖಾ ವರದಿ ಇತ್ತು. ಅಮೆರಿಕದ ಕೊಲರಾಡೋದಲ್ಲಿ ಆಸ್ಪೆನ್ ಎಂಬ ಊರಿದೆ. ಹಣವಂತರು ಹಿಮದ ಮೇಲೆ ಜಾರುವ ಆಟಕ್ಕೆ ಹೋಗುವ ಊರು. ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಏಳು ಸಾವಿರದ ಎಂಟುನೂರು ಅಡಿಗೂ ಮೇಲೆ, ಸುತ್ತ ಬೆಟ್ಟ. 2001ರ ಮಾರ್ಚ್ 29ರ ಸಂಜೆ ಲಾಸ್ ಏಂಜಲೀಸ್‌ನಿಂದ ಬಾಡಿಗೆಯ ಜೆಟ್ ವಿಮಾನವೊಂದು ಅಲ್ಲಿಗೆ ಹೊರಟಿತು. ಹದಿನೈದು ಪ್ರಯಾಣಿಕರು, ಮೂವರು ಸಿಬ್ಬಂದಿ. ಆ ಬಗೆಯ ವಿಮಾನ ಸೂರ್ಯಾಸ್ತವಾಗಿ ಅರ್ಧ ಗಂಟೆಯೊಳಗೆ ಆಸ್ಪೆನ್ನಿನಲ್ಲಿ ಇಳಿದುಬಿಡಬೇಕೆಂದು ನಿಯಮ. ಅಂದು ಸೂರ್ಯಾಸ್ತ 6 ಗಂಟೆ 28 ನಿಮಿಷಕ್ಕೆ. ಪ್ರಯಾಣಿಕರು ತಡವಾಗಿ ಬಂದರು, ವಿಮಾನ ಹೊರಟದ್ದು ನಲವತ್ತೊಂದು ನಿಮಿಷ ತಡವಾಗಿ.

ಹೊರಡುವ ಮೊದಲು ಪೈಲಟ್, ಆಸ್ಪೆನ್ನಿನಲ್ಲಿ ಇಳಿಯಲಾಗದೆ ಬೇರೆ ಊರಿಗೆ ಹೋಗಬೇಕಾದೀತು ಎಂದು ಹೇಳಿದ್ದರು. ಸುದ್ದಿ ವಿಮಾನ ಗೊತ್ತುಮಾಡಿದ್ದ ಗಿರಾಕಿಗೆ ಮುಟ್ಟಿತು. ಅವರು ಸಿಡಿಮಿಡಿಗೊಂಡರು. ವಿಮಾನ ಬೇರೆಲ್ಲಿಗೂ ಹೋಗಕೂಡದು, ತಾವು ಹಿಂದೆಯೂ ರಾತ್ರಿ ಹೊತ್ತು ಅಲ್ಲಿ ಇಳಿದವರೇ, ಈ ಸಲವೂ ಇಳಿಯುವವರೇ ಎಂದು ಕಂಪನಿಗೆ ಹೇಳಿಸಿದರು. ಪೈಲಟ್ ತನ್ನ ಅಭಿಪ್ರಾಯವನ್ನು ತನ್ನಲ್ಲೇ ಇಟ್ಟುಕೊಳ್ಳಲಿ ಎಂಬ ಮಾತೂ ಬಂತು. ಆ ಗಿರಾಕಿ ಅಂದಿನ ಔತಣಕ್ಕೆ ಬಹಳ ಹಣ ಖರ್ಚು ಮಾಡಿದ್ದಾರೆ, ಇಳಿಯುವುದು ಮುಖ್ಯ ಎಂದು ಪೈಲಟ್ ಇನ್ನೊಬ್ಬ ಪೈಲಟ್‌ಗೆ ಹೇಳಿದ್ದೂ ವರದಿಯಲ್ಲಿದೆ.

ನನಗೆ ಹೆಚ್ಚು ಮನಸ್ಸಿಗೆ ತಾಗಿದ್ದು ಬೇರೆಯೇ ಒಂದು ವಿವರ. ಹಾದಿಯಲ್ಲಿ ಪೈಲಟ್ ಸ್ಪಷ್ಟವಾಗಿ ಹೇಳಿಕೊಂಡಿದ್ದರು: ಇಂಧನ ಹೆಚ್ಚಿಗೆ ಇರುವುದಿಲ್ಲ, ಒಂದೇ ಸಲ ಪ್ರಯತ್ನ, ಆಗದಿದ್ದರೆ ರೈಫಲ್ ಎಂಬ ಊರಿಗೆ. ಅಂದರೆ ಆತ ಏನೂ ತಿಳಿಯದವರಲ್ಲ. ಸರಿಯಾದ ನಿರ್ಧಾರ ಅವರ ಬಾಯಲ್ಲೇ ಇತ್ತು. ಆಸ್ಪೆನ್ ಹತ್ತಿರವಾದಾಗ ಮುಂದೆ ಹೋದ ವಿಮಾನಗಳು ಮಂಜು ಬೀಳುವ ಕತ್ತಲಲ್ಲಿ ರನ್‌ವೇ ಕಾಣದೆ ಮೇಲೇರಿ ಹೋಗುತ್ತಿದ್ದವು. ಅಷ್ಟರಲ್ಲಿ ಪ್ರಯಾಣಿಕರೊಬ್ಬರನ್ನು ಪೈಲಟ್‌ಗಳ ಹಿಂದಿನ ಹೆಚ್ಚುವರಿ ಆಸನದಲ್ಲಿ ಕೂರಲು ಬಿಟ್ಟರು. ರನ್‌ವೇ ಕಾಣದೆ ಇದಕ್ಕಿಂತ ಕೆಳಗೆ ಬರಬಾರದು ಎಂಬ ಎತ್ತರವೊಂದಿರುತ್ತದೆ. ಅವರು ಅದನ್ನು ದಾಟಿ ಕೆಳಗಿಳಿದರು. ರನ್‌ವೇ ಕಾಣುತ್ತಿದೆಯೇ ಎಂದು ನಿಲ್ದಾಣದಿಂದ ಕೇಳಿದರು. ಕಾಣುತ್ತಿದೆ ಎಂದು ಉತ್ತರ ಹೋಯಿತು. 7 ಗಂಟೆ 2 ನಿಮಿಷ ಆಗುವುದರೊಳಗೆ ವಿಮಾನ ರನ್‌ವೇಗೆ ಸುಮಾರು 2,400 ಅಡಿ ಈಚೆಗೆ ಗುಡ್ಡದ ಬದಿಗೆ ಬಡಿಯಿತು. ಹದಿನೆಂಟು ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ತನಿಖಾ ಮಂಡಳಿ ತಪ್ಪನ್ನು ಮೊದಲು ಪೈಲಟ್‌ಗಳ ಮೇಲೆ ಹೊರಿಸಿತು, ಅದು ನ್ಯಾಯವೇ. ರಾತ್ರಿ ಹೊತ್ತು ಆ ವಿಧಾನದಲ್ಲಿ ಇಳಿಯಬಾರದೆಂಬ ಸರ್ಕಾರಿ ಸೂಚನೆಯ ಭಾಷೆ ಗೊಂದಲವಾಗಿತ್ತು, ಆಸ್ಪೆನ್ ನಿಲ್ದಾಣಕ್ಕೆ ಅದನ್ನು ತಿಳಿಸಿರಲೂ ಇಲ್ಲ ಎಂದು ವಿಮಾನಯಾನ ಇಲಾಖೆಗೂ ಚಾಟಿ ಬೀಸಿತು. ಜೊತೆಗೆ, ಇಳಿಯಲೇಬೇಕೆಂಬ ಗಿರಾಕಿಯ ಒತ್ತಡವನ್ನೂ ಕಾರಣಗಳಲ್ಲಿ ಒಂದಾಗಿ ಬರೆಯಿತು. ಕೊನೆಯ ಈ ಸಾಲಿಗೆ ನಾನು ಮತ್ತೆ ಮತ್ತೆ ಹಿಂದಿರುಗಿದ್ದೇನೆ. ಹಿಂದಿನ ಸೀಟಿನಲ್ಲಿ ಕುಳಿತವರ ಮಾತೂ ಚಾಲಕನ ಕೈ ತಿರುಗಿಸುತ್ತದೆ ಎಂದು ಒಂದು ಸರ್ಕಾರಿ ಕಾಗದ ಒಪ್ಪಿಕೊಂಡಿತಲ್ಲ!

‘ಹಿಂದೆಯೂ ಇಳಿದಿದ್ದೇನೆ.’ ಈ ವಾದವನ್ನು ನೋಡಿ. ಹಿಂದಿನ ಸಲ ಇಳಿದದ್ದು ಜಾಣತನದಿಂದಲೋ, ಅಂದು ಮೋಡ ಇರಲಿಲ್ಲವೆಂದೋ? ಕ್ಷೇಮವಾಗಿ ಮನೆ ಸೇರಿದವರು ಯಾರೂ ಆ ಪ್ರಶ್ನೆ ಕೇಳಿಕೊಳ್ಳುವುದಿಲ್ಲ. ಹೆಲ್ಮೆಟ್ ಇಲ್ಲದೆ ಹತ್ತು ವರ್ಷ ಸ್ಕೂಟರ್ ಓಡಿಸಿದವನು ಹೇಳುವುದೂ ಇದನ್ನೇ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಎಂಬ ಇಬ್ಬರು ತತ್ತ್ವಜ್ಞಾನಿಗಳು ‘ನೈತಿಕ ಅದೃಷ್ಟ’ ಎಂಬ ಪ್ರಶ್ನೆಯನ್ನು ಚರ್ಚೆಗೆ ತಂದರು. ಸರಳವಾಗಿ ಹೇಳುವುದಾದರೆ ಹೀಗೆ: ಇಬ್ಬರು ಲಾರಿ ಚಾಲಕರು ಬ್ರೇಕು ಪರೀಕ್ಷಿಸದೆ ಹೊರಟರು. ಒಬ್ಬನ ದಾರಿಗೆ ಮಗು ಅಡ್ಡ ಬಂತು, ಇನ್ನೊಬ್ಬನ ದಾರಿ ಖಾಲಿ ಇತ್ತು. ಒಬ್ಬ ಜೈಲಿಗೆ ಹೋದ, ಇನ್ನೊಬ್ಬ ಮನೆಗೆ ಹೋಗಿ ಉಂಡು ಮಲಗಿದ. ಇಬ್ಬರ ತಪ್ಪೂ ಒಂದೇ ಅಲ್ಲವೇ? ಬುದ್ಧಿ ಹೌದೆನ್ನುತ್ತದೆ. ಆದರೆ ಮಗುವಿನ ತಾಯಿಯ ಎದುರು ನಿಂತು ಹೌದೆನ್ನಲು ಬಾಯಿ ಬರುವುದಿಲ್ಲ. ಈ ತೊಡಕನ್ನು ಆ ಪಂಡಿತರೂ ಪೂರ್ತಿ ಬಿಡಿಸಲಿಲ್ಲ. ನಾನೂ ಬಿಡಿಸಲಾರೆ.

ಆದರೆ ಅವರು ತಪ್ಪು ಮಾಡಿದವರ ಕಡೆಯಿಂದ ನೋಡಿದರು. ನನ್ನನ್ನು ಕಾಡುವುದು ಸರಿ ಮಾಡಿದವರ ಕಡೆ. ಮೇಲೇರಿ ಮರಳಿದ ಪೈಲಟ್‌ನ ಬಳಿ ತೋರಿಸಲು ಏನಿದೆ? ಅಪಘಾತ ಆಗಲಿಲ್ಲ. ಆಗದೆ ಇದ್ದುದಕ್ಕೆ ಸಾಕ್ಷಿ ತರುವುದು ಹೇಗೆ? ‘ಇಳಿಸಬಹುದಿತ್ತು, ಹೆದರಿದ’ ಎಂದು ಹಿಂದಿನ ಸೀಟಿನವರು ಗೊಣಗಿದರೆ, ಇಲ್ಲ, ಇಳಿಸಿದ್ದರೆ ಸಾಯುತ್ತಿದ್ದೆವು ಎಂದು ಆತ ರುಜುವಾತು ಮಾಡಲಾರ. ತಪ್ಪು ನಿರ್ಧಾರಕ್ಕೆ ಎಷ್ಟೋ ಸಲ ಚಪ್ಪಾಳೆ ಸಿಗುತ್ತದೆ, ಸರಿಯಾದದ್ದಕ್ಕೆ ಹೋಟೆಲ್ ಬಿಲ್ಲು ಮತ್ತು ಬೈಗುಳ. ಹೀಗಿರುವಾಗ ಫಲ ನೋಡಿ ನಿರ್ಧಾರವನ್ನು ಅಳೆಯುವುದು ನ್ಯಾಯವಲ್ಲ. ಆ ಗಳಿಗೆಯಲ್ಲಿ ಏನು ಕಾಣುತ್ತಿತ್ತು, ಏನು ಕಾಣುತ್ತಿರಲಿಲ್ಲ, ಅದನ್ನು ನೋಡಬೇಕು. ಗೀತೆಯ ಹೆಸರು ಹೇಳಿ ಫಲದ ಮಾತನ್ನು ನಾವು ಸಂಬಳ ಹೆಚ್ಚಿಸದ ಆಡಳಿತ ಮಂಡಳಿಯವರ ಬಾಯಲ್ಲೇ ಹೆಚ್ಚು ಕೇಳಿದ್ದೇವೆ. ಅದಕ್ಕೆ ನಿಜವಾದ ಜಾಗ ಇಂಥ ಕಡೆ ಎಂದು ನನಗೆ ತೋರುತ್ತದೆ.

ಜಾನ್ ಎಫ್. ಕೆನಡಿಯವರ ಮಗ, ಜೂನಿಯರ್ ಕೆನಡಿ, 1999ರ ಜುಲೈ 16ರ ರಾತ್ರಿ ತನ್ನ ಪುಟ್ಟ ಪೈಪರ್ ವಿಮಾನದಲ್ಲಿ ಹೆಂಡತಿಯನ್ನೂ ಆಕೆಯ ಅಕ್ಕನನ್ನೂ ಕೂರಿಸಿಕೊಂಡು ನ್ಯೂಜೆರ್ಸಿಯಿಂದ ಹೊರಟದ್ದು ಬಹಳ ಜನಕ್ಕೆ ನೆನಪಿದ್ದೀತು. ಕತ್ತಲು, ಕೆಳಗೆ ಸಮುದ್ರ, ಮೇಲೆ ಮಬ್ಬು. ಬರೀ ಉಪಕರಣಗಳನ್ನು ನಂಬಿ ಹಾರುವ ಅರ್ಹತೆ ಆತನಿಗೆ ಇನ್ನೂ ಸಿಕ್ಕಿರಲಿಲ್ಲ. ಜೊತೆಗೆ ಬರುತ್ತೇನೆಂದ ಶಿಕ್ಷಕರಿಗೆ, ಒಬ್ಬನೇ ಹೋಗುತ್ತೇನೆ ಎಂದಿದ್ದ. ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಹತ್ತಿರ ಕೆಳಗಿಳಿಯುವಾಗ ಮೇಲು ಕೆಳಗು ತಿಳಿಯದೆ ವಿಮಾನ ನೀರಿಗೆ ಬಿತ್ತು, ಮೂವರೂ ಹೋದರು. ಇಲ್ಲಿ ಹಿಂದಿನಿಂದ ಒತ್ತಾಯ ಮಾಡಿದವರು ಯಾರೂ ಇದ್ದಂತೆ ಕಾಣದು. ಒತ್ತಾಯ ಮಾಡುವವನು ಒಳಗೂ ಒಬ್ಬ ಇರುತ್ತಾನಲ್ಲ. ಅದೇ ಸಂಜೆ ಅದೇ ನಿಲ್ದಾಣದಲ್ಲಿ ಇನ್ನೊಬ್ಬ ಖಾಸಗಿ ಪೈಲಟ್ ಮಬ್ಬು ನೋಡಿ ಪ್ರಯಾಣ ಕೈಬಿಟ್ಟಿದ್ದ. ಕೆನಡಿ ಸಾಯದಿದ್ದರೆ ಆ ಮನುಷ್ಯನ ವಿವೇಕದ ಸುದ್ದಿ ಯಾರಿಗೂ ತಿಳಿಯುತ್ತಿರಲಿಲ್ಲ.

ನಮ್ಮ ಮಂಗಳೂರಿನ ದುರಂತವನ್ನು ಇಲ್ಲಿ ತರಲು ಮನಸ್ಸು ಹಿಂಜರಿಯುತ್ತದೆ. ಅದು ಸಣ್ಣ ವಿಮಾನವಲ್ಲ, ಮನೆಮನೆಯ ದುಃಖ ಇನ್ನೂ ಆರಿದ್ದೂ ಅಲ್ಲ. ಆದರೂ ಒಂದು ಮಾತಿಗಾಗಿ ಹೇಳಬೇಕು. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ಬಜಪೆಯ ಗುಡ್ಡದ ತುದಿಯಿಂದ ಕಣಿವೆಗೆ ಬಿದ್ದು 158 ಜನ ಸತ್ತರು, ಎಂಟು ಜನ ಉಳಿದರು. ವಿಮಾನ ಇಳಿಯಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿ ಬರುತ್ತಿತ್ತು. ಸಹಪೈಲಟ್ ಮೂರು ಸಲ ‘ಗೋ ಅರೌಂಡ್’ ಎಂದರು ಎಂದು ತನಿಖೆ ಹೇಳುತ್ತದೆ. ಮುಖ್ಯ ಪೈಲಟ್ ಇಳಿಸಿಯೇ ಇಳಿಸಿದರು. ರನ್‌ವೇಯ ಅರ್ಧಕ್ಕಿಂತ ಹೆಚ್ಚು ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ನಿಲ್ಲಿಸಲು ತೊಡಗಿದ ಮೇಲೆ, ಆಗ, ಅವರು ಮತ್ತೆ ಏರಲು ನೋಡಿದರು.

ಆ ಸಹಪೈಲಟ್ ಮೂರು ಸಲ ಹೇಳಿದರೇ ಹೊರತು ಕೈಹಾಕಿ ತಡೆಯಲಿಲ್ಲ. ನಮ್ಮಲ್ಲಿ ಯಾವ ಹುಡುಗಿ, ಯಾವ ಸೊಸೆ, ಯಾವ ಹೊಸ ಉಪಾಧ್ಯಾಯಿನಿ ಹಿರಿಯರಿಗೆ ನಾಲ್ಕನೆಯ ಸಲ ಹೇಳುತ್ತಾಳೆ? ಹಿರಿಯರಿಗೆ ಎದುರಾಡಬಾರದೆಂದು ಕಲಿಸುವವರು ನಾವೇ. ಎದುರಾಡಲೇಬೇಕಾದ ಗಳಿಗೆ ಇದು ಎಂದು ಗುರುತಿಸುವುದನ್ನು ಯಾವ ಪಠ್ಯದಲ್ಲಿ ಇಟ್ಟಿದ್ದೇವೆ? ಮಾತು ಕಲಿಸುವುದಷ್ಟೇ ಸಾಲದು, ಥ್ರಾಟಲಿನ ಮೇಲೆ ಕೈ ಇಡುವುದನ್ನೂ ಕಲಿಸಬೇಕು ಎನಿಸುತ್ತದೆ. ಹೇಗೆ ಎಂದು ಕೇಳಿದರೆ ನನ್ನ ಬಳಿ ಸಿದ್ಧ ಉತ್ತರವಿಲ್ಲ.

ವಿಮಾನವನ್ನೇ ನೋಡದ ನಮ್ಮ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಅವರ ಮಗಳಿಗೆ ಮದುವೆ ಗೊತ್ತಾಗಿತ್ತು. ಛತ್ರಕ್ಕೆ ಮುಂಗಡ, ಅಡಿಗೆಯವರಿಗೆ ವೀಳ್ಯ, ಪತ್ರಿಕೆ ಹಂಚಿದ್ದು ಎಲ್ಲ ಆಗಿ, ಮುಹೂರ್ತಕ್ಕೆ ಎಂಟು ದಿನ ಇತ್ತು. ಹುಡುಗ ಹುಡುಗಿ ಹೋಟೆಲಿಗೆ ಹೋಗಿದ್ದರು. ತಿಂಡಿ ತಡವಾಯಿತೆಂದು ಹುಡುಗ ಮಾಣಿಯ ಕೆನ್ನೆಗೆ ಹೊಡೆದ. ಹನ್ನೆರಡು ಹದಿಮೂರು ವರ್ಷದ ಹುಡುಗನಂತೆ ಆ ಮಾಣಿ. ಆಮೇಲೆ ಏನೂ ಆಗದವನಂತೆ ಕಾಫಿ ಕುಡಿದ. ಹುಡುಗಿ ಮನೆಗೆ ಬಂದು ನನಗೆ ಈ ಮದುವೆ ಬೇಡ ಎಂದಳು. ಸೋದರಮಾವ, ದೊಡ್ಡಪ್ಪ, ಅತ್ತೆಯರು ಎಲ್ಲ ಸೇರಿದರು. ‘ಗಂಡಸಿಗೆ ಕೋಪ ಬಾರದೇನಮ್ಮ? ಮದುವೆಯಾದ ಮೇಲೆ ನೀನೇ ತಿದ್ದಿಕೊ’ ಎಂದರು. ‘ಇಷ್ಟು ದೂರ ಬಂದ ಮೇಲೆ’ ಎಂಬುದನ್ನಂತೂ ಅಂದು ಎಷ್ಟು ಜನ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ತಂದೆ ಮಾತಾಡದೆ ಕುಳಿತಿದ್ದರು. ತಾಯಿ, ಅಂದರೆ ನಮ್ಮ ಸಹೋದ್ಯೋಗಿ, ‘ಅವಳು ಬೇಡವೆಂದರೆ ಬೇಡ. ಛತ್ರದ ದುಡ್ಡು ನನ್ನ ಪಿ.ಎಫ್.ನಿಂದ ಕಟ್ಟುತ್ತೇನೆ’ ಎಂದರು. ಹಿಂದಿನ ಸೀಟಿನಲ್ಲಿ ಕುಳಿತವರು ಹೀಗೂ ಮಾತನಾಡಬಹುದು.

ಇದಾಗಿ ವರ್ಷಗಳಾದವು. ಹುಡುಗಿ ಕೆಲಸದಲ್ಲಿದ್ದಾಳೆ, ಮದುವೆಯಾಗಿಲ್ಲ. ಆ ಹುಡುಗ ಬೇರೆ ಕಡೆ ಮದುವೆಯಾದ. ಎರಡು ಮಕ್ಕಳು, ಸ್ವಂತ ಮನೆ. ಹೆಂಡತಿ ಸುಖವಾಗಿದ್ದಾಳೆಂದು ಕಂಡವರು ಹೇಳುತ್ತಾರೆ. ಸಂಬಂಧಿಕರು ಇದನ್ನು ಬೇಕೆಂದೇ ಹೊತ್ತು ತಂದು ನಮ್ಮ ಸಹೋದ್ಯೋಗಿಗೆ ಹೇಳುತ್ತಾರೆ, ನೋಡಿ, ನೀವು ದುಡುಕಿದಿರಿ ಎಂಬಂತೆ. ಇನ್ನೊಂದು ವಿಮಾನ ಅದೇ ರನ್‌ವೇಯಲ್ಲಿ ಕ್ಷೇಮವಾಗಿ ಇಳಿಯಿತೆಂದರೆ ಮೇಲೇರಿ ಹೋದವಳು ತಪ್ಪಿದಳೆಂದೇ? ಆಕೆಯ ಸುಖ ನಿಜವೇ ಇರಲಿ, ಹಾಗೆಂದೇ ನಾನು ಹಾರೈಸುತ್ತೇನೆ. ಆದರೂ ಆ ದಿನ ಹೋಟೆಲಿನ ಮೇಜಿನ ಆಚೆ ಕುಳಿತಿದ್ದ ಹುಡುಗಿಗೆ ಕಂಡದ್ದು ಕಂಡದ್ದೇ ಅಲ್ಲವೇ?

ಕಳೆದ ಚಳಿಗಾಲದಲ್ಲಿ ಒಂದು ಭಾನುವಾರ ಅವರ ಮನೆಗೆ ಹೋಗಿದ್ದೆ. ಇಬ್ಬರೂ ಹಿತ್ತಿಲ ಕಟ್ಟೆಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದೆವು. ಅವರು ತಲೆ ಎತ್ತದೆ ಕೇಳಿದರು: ‘ನಾವು ಮಾಡಿದ್ದು ಸರಿಯೋ ತಪ್ಪೋ ಅಂತ ಯಾವತ್ತಾದರೂ ಗೊತ್ತಾಗುತ್ತೇನ್ರೀ?’

‘ಗೊತ್ತಾಗೋದಿಲ್ಲ’ ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗಿದ್ದ ಮಗಳನ್ನು ಕೂಗಿ, ಇನ್ನೊಂದು ಪಾತ್ರೆ ತರಲು ಹೇಳಿದರು.